ಓಪಲ್‌ಳ ಮರೆವು

ವರ್ನಾ ಮಗಳೇ,

ನೀನು ತೀರಿಹೋದ ಮೇಲೆ ನಿನ್ನ ಮಗಳು ಓಪಲ್, ನಾನು ಹೇಳಿಕೊಟ್ಟದ್ದನ್ನೆಲ್ಲ ಮರೆಯತೊಡಗಿದಳು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ, ಬೈಬಲ್ ವಾಕ್ಯ ಒಪ್ಪಿಸದೆ ಊಟವಿಲ್ಲ. ನಾನು ಗದರಿದಷ್ಟೂ ಅವಳು ಮರೆತಳು. ಇವತ್ತು ಲೆಕ್ಸಿಂಗ್ಟನ್ನಿನ ಡಾಕ್ಟರಮ್ಮನಿಗೆ ತೋರಿಸಿದೆ.

"ದಿನಾ ಹೆದರ್ಕೊಂಡೇ ಇದ್ರೆ ಮಿದುಳಲ್ಲಿ ನೆನಪಿಡೋ ಜಾಗ ಸೊರಗುತ್ತೆ ಅಜ್ಜಿ. ಹೆದರಿಕೆ ಹೋದ್ರೆ ಮತ್ತೆ ಚಿಗುರಬಹುದು."

"ಅದಕ್ಕೆ ಔಷಧಿ ಏನವ್ವ?"

"ನೀವು ಸ್ವಲ್ಪ ಬಾಯಿ ಮುಚ್ಕೊಂಡಿರೋದು."

ಹೇಳಿದ್ದು ನನಗೆ, ನೋಡು!

ಸಂಜೆ ಓಪಲ್ ಅರ್ಧ ವಾಕ್ಯಕ್ಕೇ ತಡವರಿಸಿ ನಿಂತಳು. ನಾನು ತುಟಿ ಕಚ್ಚಿಕೊಂಡು ಅವಳ ತಟ್ಟೆಗೆ ಮೆಕ್ಕೆಜೋಳದ ರೊಟ್ಟಿ ಹಾಕಿದೆ. ಅವಳು ಎದ್ದು ಬಂದು ನನ್ನ ಹಣೆ ಮುಟ್ಟಿದಳು.

"ಅಜ್ಜಿ, ಹುಷಾರಿಲ್ವಾ ನಿಂಗೆ?"

ಆ ವಯಸ್ಸಿನಲ್ಲಿ ನೀನೂ ಹೀಗೇ ಅರ್ಧಕ್ಕೆ ನಿಲ್ಲುತ್ತಿದ್ದೆ, ವರ್ನಾ. ನಿನ್ನ ತಟ್ಟೆಯನ್ನು ನಾನು ಎತ್ತಿ ಒಳಗಿಡುತ್ತಿದ್ದೆ.

ಅಮ್ಮ