ತೊಂಬತ್ತನೆಯ ದಿನದ ಫೋನ್ ಕರೆ

ಸಂಶೋಧನಾ ವಿಭಾಗದ ನಿರ್ದೇಶಕರಾದ ಮಾನ್ಯರೇ,

ನಮ್ಮ ಆಸ್ಪತ್ರೆಯ ತೀವ್ರ ನಿಗಾ ಘಟಕದ ಹಿರಿಯ ವೈದ್ಯರು ಪ್ರಕಟಿಸಿರುವ ಅರವತ್ತೊಂದು ಪ್ರಬಂಧಗಳಲ್ಲಿ ಒಂದು ಸುಳ್ಳು. ಅದರ ಅಂಕಿಗಳನ್ನು ತುಂಬಿದವಳು ನಾನು. ತಪ್ಪು ಗೊತ್ತಾದ ಮೇಲೂ ನಾಲ್ಕು ತಿಂಗಳಿಂದ ಅದನ್ನು ಜೋಪಾನವಾಗಿ ಕಾಯುತ್ತಿರುವವರು ನೀವು. ನಮ್ಮಿಬ್ಬರಲ್ಲಿ ನನ್ನ ಪಾಲೇ ದೊಡ್ಡದಾದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಪ್ರಬಂಧದ ವಾದ ಸರಳ. ವೆಂಟಿಲೇಟರ್ ತೆಗೆದ ಐದನೆಯ ದಿನಕ್ಕೆ ರೋಗಿಯನ್ನು ಮನೆಗೆ ಕಳಿಸಿದರೂ ಅಪಾಯವಿಲ್ಲ. ಏಕೆಂದರೆ ಹಾಗೆ ಕಳಿಸಿದ ನೂರಾ ನಾಲ್ಕು ಜನರಲ್ಲಿ ತೊಂಬತ್ತಾರು ಜನ ತೊಂಬತ್ತನೆಯ ದಿನವೂ ಬದುಕಿದ್ದರು. ಬದುಕಿದ್ದನ್ನು ಯಾರು ನೋಡಿದರು? ಯಾರೂ ನೋಡಲಿಲ್ಲ. ನಾನು ಫೋನ್ ಮಾಡಿದೆ. ನನ್ನ ಮುಂದಿನ ಹಾಳೆಯಲ್ಲಿ ಮೂರು ಖಾನೆಗಳಿದ್ದವು: ಬದುಕಿದ್ದಾರೆ, ತೀರಿಕೊಂಡಿದ್ದಾರೆ, ಸಂಪರ್ಕಕ್ಕೆ ಸಿಗಲಿಲ್ಲ. ಬಿಜ್ಜರಗಿಯ ಅಮರಪ್ಪನವರ ಮನೆಗೆ ಕರೆ ಮಾಡಿದಾಗ ಅವರ ಹೆಂಡತಿ ಲಕ್ಕವ್ವ ಎತ್ತಿದರು. ಯಜಮಾನರು ಹೇಗಿದ್ದಾರೆಂದು ಕೇಳಿದೆ. ಅವರು ಒದರುತ್ತಿದ್ದ ಆಡುಗಳನ್ನು ಗದರಿಸಿದರು. ಆಮೇಲೆ, “ಆರಾಮ ಅದಾರ್ರಿ. ನೀವು ಒಮ್ಮಿ ಮನಿಗಿ ಬಂದು ಹೋಗ್ರಿ” ಎಂದರು. ನಾನು ಮೊದಲ ಖಾನೆಗೆ ಗುರುತು ಹಾಕಿದೆ.

ಕ್ಷೇಮ ಕೇಳಿದ ಪರವೂರಿನವರಿಗೆ ನಮ್ಮ ಮನೆಗಳಲ್ಲಿ ಸಾವನ್ನು ಫೋನಿನಲ್ಲಿ ಹೇಳುವುದಿಲ್ಲ. ಬರಹೇಳುತ್ತಾರೆ, ಬಂದವರನ್ನು ಕೂಡಿಸಿ, ನೀರು ಕೊಟ್ಟು, ಆಮೇಲೆ ಹೇಳುತ್ತಾರೆ. ಇದು ನನಗೆ ಗೊತ್ತಿರಲಿಲ್ಲ ಎನ್ನಲೇ? ತೊರವಿಯಲ್ಲಿ ನನ್ನ ಅವ್ವ ತೀರಿಕೊಂಡ ವಾರ, ದೂರದಿಂದ ಬಂದ ಎಷ್ಟೋ ಕರೆಗಳಿಗೆ “ಆರಾಮ ಅದಾಳ, ಬರ್ರಿ” ಎಂದವಳು ನಾನೇ. ಅನುವಾದಿತ ಕಾದಂಬರಿಗಳನ್ನು ಓದುತ್ತ, ಕಂಡರಿಯದ ದೇಶದವರು ಹೇಳದೆ ಬಿಟ್ಟದ್ದೂ ನನಗೆ ತಿಳಿಯುತ್ತದೆಂದು ನಂಬಿಕೊಂಡಿದ್ದೆ. ಬಿಜ್ಜರಗಿ ನನ್ನ ಮನೆಯಿಂದ ಒಂದೇ ಬಸ್ಸಿನ ದಾರಿ. ದಿನಕ್ಕೆ ಮೂವತ್ತು ಕರೆ ಮುಗಿಸಬೇಕಿತ್ತು ಎಂದು ಇಲ್ಲಿ ಬರೆಯಲು ಹೊರಟಿದ್ದೆ. ದಾಖಲೆ ತೆಗೆದು ನೋಡಿದರೆ ಆ ದಿನ ಮಾಡಿದ್ದು ಹನ್ನೊಂದೇ.

ಸತ್ಯ ಹೊರಬಿದ್ದದ್ದು ನಿಮ್ಮ ಕೃಪೆಯಿಂದಲೇ. ಪ್ರಬಂಧಗಳು ಅರವತ್ತು ದಾಟಿದ ಸಂಭ್ರಮದ ಫ್ಲೆಕ್ಸಿಗೆ ಬದುಕುಳಿದವರೊಬ್ಬರ ನಗುಮುಖ ಬೇಕೆಂದಿರಿ. ಫೋಟೊ ತರಲು ನನ್ನನ್ನು ಬಿಜ್ಜರಗಿಗೆ ಕಳಿಸಿದಿರಿ. ಫೋಟೊ ಇತ್ತು, ಗೋಡೆಯ ಮೇಲೆ, ಹಾರ ಹಾಕಿ. ಅಮರಪ್ಪ ಮನೆಗೆ ಬಂದ ಹನ್ನೆರಡನೆಯ ದಿನ ಉಸಿರಾಡಲಾಗದೆ ತೀರಿಕೊಂಡಿದ್ದರು. ಫೋನಿನಲ್ಲೇ ಏಕೆ ಹೇಳಲಿಲ್ಲವೆಂದು ಲಕ್ಕವ್ವನನ್ನು ಕೇಳಿದೆ. ಅಷ್ಟು ಧೈರ್ಯ ನನಗೆಲ್ಲಿಂದ ಬಂತೋ.

“ಡಾಕ್ಟರ ಸಾಹೇಬ್ರು ಅಷ್ಟು ಕಷ್ಟಪಟ್ಟು ಉಳಿಸಿ ಕಳಿಸಿದ್ರು. ಹೋದ್ರು ಅಂತ ಹ್ಯಾಂಗ ಹೇಳಲಿ ಬೇ? ಅವರ ಮನಸಿಗಿ ಕೆಟ್ಟ ಅನಸ್ತದ. ಅದಕ್ಕ ಮನಿಗಿ ಬಾ ಅಂದಿದ್ದೆ. ನೀ ಬರಲಿಲ್ಲ.”

ಹೀಗೆಂದು ಅವರು ಚಹಾಕ್ಕೆ ಇಡಲು ಎದ್ದರು.

ಆಮೇಲೆ ಪ್ರತಿ ರವಿವಾರ ತಿಕೋಟಾ, ಬಬಲೇಶ್ವರದ ಕಡೆ ಹೋಗತೊಡಗಿದೆ. ಬಿಜ್ಜರಗಿಯದೂ ಸೇರಿ ಇಂದಿಗೆ ಇಪ್ಪತ್ತೆರಡು ಮನೆ, ಎಲ್ಲವೂ ನನ್ನ ಮೊದಲ ಖಾನೆಯವು. ಒಂಬತ್ತು ಮನೆಗಳಲ್ಲಿ ರೋಗಿ ತೊಂಬತ್ತನೆಯ ದಿನವನ್ನು ಕಂಡಿರಲಿಲ್ಲ. ಕಂಡ ರೋಗಿಗಳಲ್ಲಿ ಒಬ್ಬರಾದ ಬಬಲೇಶ್ವರದ ದಾದಾಸಾಬ ಹೊಸ್ತಿಲ ಬಳಿಯೇ ಕುಳಿತಿದ್ದರು. ಆಸ್ಪತ್ರೆಯಿಂದ ಬಂದೆ ಎಂದಾಗ, “ಇನ್ನೂ ಅದಾನೋ ಇಲ್ಲೋ ಅಂತ ನೋಡಾಕ ಬಂದ್ರೇನು?” ಎಂದು ನಕ್ಕರು. ಹೌದು ಎಂದೆ. ಅವರ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಹಿಡಿಯಲಿಲ್ಲ.

ಮೊದಲ ಕೆಲವು ಮನೆಗಳಾದಾಗಲೇ ಪಟ್ಟಿಯನ್ನು ವೈದ್ಯರ ಮುಂದಿಟ್ಟಿದ್ದೆ. ಅವರು ಎರಡು ಸಲ ಓದಿ, ಪ್ರಬಂಧ ಹಿಂಪಡೆಯಲು ಸಂಸ್ಥೆಯ ಒಪ್ಪಿಗೆ ಕೋರಿ ಅಂದೇ ನಿಮಗೆ ಬರೆದರು. ನಿಮ್ಮ ಉತ್ತರ ನನಗೆ ಬಾಯಿಪಾಠವಾಗಿದೆ: ‘ದೂರವಾಣಿ ಸಿಬ್ಬಂದಿಯ ಲೋಪಕ್ಕೆ ಸಂಶೋಧಕರು ಹೊಣೆಯಲ್ಲ. ಪ್ರಕಟಣೆಗಳ ಸಂಖ್ಯೆ ಇಳಿಯುವುದು ಸಂಸ್ಥೆಯ ಹಿತಕ್ಕೆ ತಕ್ಕುದಲ್ಲ.’ ಎಂಥ ಅಚ್ಚುಕಟ್ಟಾದ ವಾಕ್ಯಗಳು! ಮೊದಲನೆಯದನ್ನು ತಲೆಬಾಗಿ ಒಪ್ಪುತ್ತೇನೆ. ಎರಡನೆಯದರ ಬಗ್ಗೆ ಒಂದು ಪ್ರಶ್ನೆ: ಅರವತ್ತೊಂದು ಅರವತ್ತಾದರೆ ಯಾರ ಉಸಿರು ನಿಲ್ಲುತ್ತದೆ? ನಮ್ಮ ವೈದ್ಯರು ತಮ್ಮ ಘಟಕದಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿದ್ದಾರೆ. ಪ್ರಬಂಧ ಓದಿ ಅದನ್ನು ಹಿಡಿದ ಬೇರೆ ಆಸ್ಪತ್ರೆಗಳಿಗೆ ಬಿಡಿ ಎಂದು ಹೇಳಿದವರು ಯಾರು? ಈ ಹೊತ್ತಿಗೂ ಎಲ್ಲೋ ಯಾರನ್ನೋ ಐದನೆಯ ದಿನಕ್ಕೆ ಮನೆಗೆ ಕಳಿಸುತ್ತಿರಬಹುದು, ನಾನು ಹಾಕಿದ ಗುರುತನ್ನು ನಂಬಿ.

ಒಪ್ಪಿಗೆ ಪತ್ರಕ್ಕೆ ಈ ವಾರವೇ ಸಹಿ ಮಾಡಿ. ಉಳಿದ ಎಪ್ಪತ್ತನಾಲ್ಕು ಮನೆಗಳಿಗೆ ಜನರನ್ನು ಕಳಿಸಿ, ಫೋನ್ ಬೇಡ. ಪ್ರಬಂಧದ ಕೊನೆಯಲ್ಲಿ ಕೃತಜ್ಞತೆ ಹೇಳಿದಲ್ಲಿ ನನ್ನ ಹೆಸರಿದೆ. ಹಿಂಪಡೆಯುವ ಪ್ರಕಟಣೆಯಲ್ಲೂ, ಏಕೆ ಹಿಂಪಡೆಯಲಾಯಿತು ಎಂಬಲ್ಲಿ, ಅದು ಇರಲಿ. ನೀವು ಕಳಿಸುವವರೆಗೆ ನಾನು ಹೋಗುತ್ತಿರುತ್ತೇನೆ. ಈ ರವಿವಾರದ್ದು ಇಪ್ಪತ್ತಮೂರನೆಯ ಮನೆ. ಅವರೂ ಅಂದು ಫೋನಿನಲ್ಲಿ, ಬಂದು ಹೋಗ್ರಿ ಎಂದಿದ್ದರು.

ಇಂತಿ,
ಕರೆದಾಗ ಹೋಗದವಳು,
ವಿದ್ಯಾವತಿ
ಅಥಣಿ ರಸ್ತೆ, ವಿಜಯಪುರ