ಮಗಳು ಕೂರುವ ಜಾಗ

ಮುದ್ದು ಮಗಳೇ,

ನೀನು ಹಾರಿಸುವಂಥದ್ದೇ ವಿಮಾನದ ದೊಡ್ಡ ಮಾದರಿಯೊಂದನ್ನು ಅಪ್ಪ ತಂದು ಜೋಡಿಸುತ್ತಿದ್ದಾರೆ. ಪೆಟ್ಟಿಗೆಯಲ್ಲಿ ಬಂದ ಪೈಲಟ್ ಸೀಟು ಬರೀ ಬೋಳು ಪ್ಲಾಸ್ಟಿಕ್. ನೋಡಲಾಗದೆ ನಾನೇ ಹಳೆಯ ಪರ್ಸಿನ ಚರ್ಮದಿಂದ ಮೆತ್ತೆ ಹೊಲಿದೆ, ರಿಬ್ಬನ್ ಸೀಳಿ ಬೆಲ್ಟು ಮಾಡಿದೆ, ತಾಮ್ರದ ತಂತಿ ಬಗ್ಗಿಸಿ ಅದಕ್ಕೆ ಬಕಲ್ ಹಾಕಿದೆ.

"ಇಷ್ಟು ಸಣ್ಣದು ಯಾರಿಗೆ ಕಾಣುತ್ತೆ ಕಣೇ?" ಎಂದು ಅಪ್ಪ ನಕ್ಕರು.

"ಕಾಣದಿದ್ರೆ ಏನಂತೆ? ನಮ್ಮ ಹುಡುಗಿ ದಿನವೆಲ್ಲ ಕೂರೋ ಜಾಗ ಅದು," ಎಂದೆ.

ನೀರಿನ ಬಾಟಲಿ ಎಲ್ಲಿಡುತ್ತೀಯ? ಬೆನ್ನಿಗೆ ದಿಂಬು ಕೊಡುತ್ತಾರಾ? ನೀನು ಕಳಿಸಿದ ಫೋಟೋದಲ್ಲಿ ಅದೊಂದೂ ಕಾಣುವುದಿಲ್ಲ. ಬರೆದು ತಿಳಿಸು; ಬಂದೇ ತೋರಿಸಿದರೆ ಇನ್ನೂ ಒಳ್ಳೆಯದು.

ನಿನ್ನೆ ಪೈಲಟ್ ಸೀಟಿನ ಮೇಲಿನ ಗಾಜು ಅಂಟಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಅಪ್ಪ ನನ್ನೆದುರೇ ಅಂಟಿನ ಟ್ಯೂಬನ್ನು ಜೇಬಿಗಿಳಿಸಿ, "ಅಂಟು ಎಲ್ಲೋ ಕಳೆದುಹೋಯ್ತು. ಅವಳು ಬಂದ್ಮೇಲೆ ಹುಡುಕೋಣ," ಎಂದರು.

ನಿನ್ನ ದಾರಿ ನೋಡುತ್ತಿರುವ,
ಅಮ್ಮ