ಅಪ್ಪನ ಎಂಜಲಿನ ಸಾಕ್ಷಿ

ಪ್ರೀತಿಯ ಅಪ್ಪ,

ಮೂರು ವಾರದಿಂದ ನೀವು ಫೋನ್ ಎತ್ತುತ್ತಿಲ್ಲ. ಆಸ್ಪತ್ರೆಯಿಂದ ಹೋದವರು ನಾಚಿಕೆಯಿಂದ ಮುಸುಕೆಳೆದು ಮಲಗಿದ್ದೀರಿ ಎಂದು ಅಮ್ಮ ಹೇಳಿದಳು. ಅದಕ್ಕೇ ಈ ಕಾಗದ.

ನಮ್ಮ ಮನೆಯಲ್ಲಿ ನಿಮ್ಮ ಮುರಿದ ಎಲುಬುಗಳದ್ದೇ ಒಂದು ಪುರಾಣವಿತ್ತು. ಬಸ್ ಕಂಡಕ್ಟರಾಗಿದ್ದ ನೀವು ಓಡುವ ಬಸ್ಸಿನಿಂದ ಹಾರಿ ಜೇಬುಗಳ್ಳನನ್ನು ಹಿಡಿದಾಗ ಬಲಗೈ. ಚಕ್ರದಡಿ ಸಿಗಲಿದ್ದ ಅಜ್ಜಿಯನ್ನು ಎಳೆದಾಗ ಪಕ್ಕೆಲುಬು. ಪ್ರತಿ ಸಲ ಹೇಳುವಾಗಲೂ ಕಳ್ಳ ಒಂದು ಗೇಣು ಎತ್ತರವಾಗುತ್ತಿದ್ದ.

ಹೋದ ತಿಂಗಳು ನನ್ನ ಆರು ವರ್ಷದ ಮಗ ಮಂಚದಿಂದ ಇಳಿದ, ಅಷ್ಟೇ. ಕಾಲು ಮುರಿಯಿತು. ಅದು ನಾಲ್ಕನೆಯ ಸಲ. ಡಾಕ್ಟರಮ್ಮ ಹಳೆಯ ಎಕ್ಸ್‌ರೇಗಳನ್ನು ಸಾಲಾಗಿ ಇಟ್ಟು, "ಮನೇಲಿ ಯಾರು ಹೊಡೀತಾರೆ?" ಎಂದರು. ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಗದರಿ ಗದರಿ ಪಳಗಿದ ಗಂಟಲು ನನ್ನದು, "ನಾನಲ್ಲ!" ಎಂದು ಕಿರುಚಿದೆ. ಆ ಕಿರುಚಾಟಕ್ಕೆ ಗೋಡೆಗೂ ನನ್ನ ಮೇಲೆ ಅನುಮಾನ ಬಂದಿರಬೇಕು. ನಿಮ್ಮ ಅಳಿಯನೂ ಒಂದು ಗಳಿಗೆ ನನ್ನ ಕೈಯನ್ನೇ ನೋಡಿದರು.

ಮೂಲೆಯ ಬೆಂಚಿನಿಂದ ನೀವು ಎದ್ದು ನಿಂತಿರಿ. "ಡಾಕ್ಟ್ರೇ, ಕಳ್ಳನೂ ಇಲ್ಲ, ಗಿಳ್ಳನೂ ಇಲ್ಲ. ಬಸ್ ಕಿಟಕಿ ಗಾಜು ಎಳೆದೆ, ಕೈ ಮುರೀತು. ಸೀನಿದೆ, ಪಕ್ಕೆಲುಬು ಹೋಯ್ತು. ಸೀನಿ ಮುರ್ಕೊಂಡೆ ಅಂತ ಯಾರ ಹತ್ರ ಹೇಳ್ಲಿ?"

ಯಾವ ಕಳ್ಳ ಎಂದು ಪಾಪ ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಆದರೆ ನಿಮ್ಮ ಕಣ್ಣಿನ ಬಿಳಿಯಲ್ಲಿದ್ದ ನೀಲಿ ಛಾಯೆ ಕಂಡಿತು. ನನ್ನ ಕಣ್ಣಲ್ಲೂ, ಮಗನ ಕಣ್ಣಲ್ಲೂ ಅದೇ. ವಂಶದಲ್ಲಿ ಬರುವ, ಬಲು ಅಪರೂಪದ ಎಲುಬಿನ ಕಾಯಿಲೆ ಇರಬಹುದು. ಪರೀಕ್ಷೆಗೆ ಸೂಜಿ ಬೇಡ, ಕತ್ತರಿ ಬೇಡ, ಮೂವರ ಎಂಜಲು ಸಾಕು ಎಂದರು.

ನಿಮ್ಮ ಮೊಮ್ಮಗ ಕಣ್ಣು ಮಿಟುಕಿಸುವುದರೊಳಗೆ ಕೊಳವೆ ತುಂಬಿಸಿದ. ಉಗಿದರೆ ಶಹಬ್ಬಾಸ್ ಎನ್ನುವ ಜಾಗವನ್ನು ಅವನು ಕಂಡದ್ದು ಅದೇ ಮೊದಲು. ಮೂವತ್ತು ವರ್ಷ "ಟಿಕೆಟ್, ಟಿಕೆಟ್" ಎಂದು ಕೂಗಿದ ನಿಮ್ಮ ಬಾಯಿ ಮಾತ್ರ ಒಣಗಿ ಕೂತಿತ್ತು. "ತಾತ, ನಿಂಬೆಹಣ್ಣು ನೆನೆಸ್ಕೋ" ಎಂದು ಅವನೇ ಹೇಳಿಕೊಡಬೇಕಾಯಿತು.

ನಿನ್ನೆ ವರದಿ ಬಂತು. ಮೂವರಿಗೂ ಒಂದೇ ದೋಷ. ನನ್ನದು ಒಂದು ಕಿರುಬೆರಳು ಮುರಿದಷ್ಟಕ್ಕೇ ತೃಪ್ತಿಪಟ್ಟಿದೆ. ಪೂರ್ತಿ ವಾಸಿಯಾಗುವುದಿಲ್ಲವಂತೆ, ಆದರೆ ಎಲುಬು ಗಟ್ಟಿ ಮಾಡುವ ಔಷಧಿ ಉಂಟು. ಡಾಕ್ಟರಮ್ಮ ನನ್ನ ಕೈ ಹಿಡಿದು ಕ್ಷಮೆ ಕೇಳಿದರು. ನಿಮ್ಮ ಅಳಿಯ ಬಾಯಿಬಿಟ್ಟು ಕೇಳಲಿಲ್ಲ. ನಿನ್ನೆಯಿಂದ ಪಾತ್ರೆಯೆಲ್ಲ ಅವರೇ ತೊಳೆಯುತ್ತಿದ್ದಾರೆ. ತೊಳೆಯಲಿ.

ಶನಿವಾರ ಮಗನ ಪ್ಲಾಸ್ಟರ್ ಬಿಚ್ಚುತ್ತಾರೆ. ಅವನಿಗೆ ಹೆದರಿಕೆ. ಪಕ್ಕದಲ್ಲಿ ತಾತನೇ ಬೇಕಂತೆ. ನಾವೆಲ್ಲ ಅವನ ಕೈಯನ್ನು ಬಿಗಿಯಾಗಿ ಹಿಡಿಯುತ್ತೇವಂತೆ. ಮೆಲ್ಲಗೆ ಹಿಡಿಯಲು ಬರುವುದು ನಿಮಗೊಬ್ಬರಿಗೇ ಅಂತೆ.

ಬನ್ನಿ ಅಪ್ಪ.

ನೀವು ಇಡಿಯಾಗಿ ನೂರ್ಕಾಲ ಬಾಳಬೇಕೆಂದು ಬೇಡುವ,
ನಿಮ್ಮ ಮಗಳು